ಬೂಟಿನ ಬುಟ್ಟಿ ಹೊತ್ತ ವುಬಿತ್

ಬಂಡೆಯ ನೆತ್ತಿಗೆ ಬಿಸಿಲು ತಾಗಲು ಇನ್ನೂ ಅರ್ಧ ಗಂಟೆಯಿದೆ. ಕೆಳಗೆ, ಕಲ್ಲಿನಲ್ಲೇ ಕೊರೆದ ಚರ್ಚಿನೊಳಗೆ ಪಾದ್ರಿಗಳ ಹಾಡು ಮುಗಿಯುತ್ತ ಬಂದಿದೆ. ಪಡುವಣ ಬಾಗಿಲಿನ ಮೆಟ್ಟಿಲ ಬಳಿ ಬಿಳಿ ನೆಟೆಲಾ ಶಾಲು ಹೊದ್ದ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಯಾತ್ರಿಕರ ಚಪ್ಪಲಿ ಜೋಡಿಸುತ್ತಿದ್ದಾರೆ. ಬಂದವರ ಮುಖದತ್ತ ಅವರು ಕಣ್ಣೆತ್ತುವುದೇ ಇಲ್ಲ.

"ಮುಖ ನೋಡ್ಕೊಂಡು ನಾನೇನ್ ಮಾಡ್ಲಿ? ಮುಖ ಸುಳ್ಳು ಹೇಳತ್ತೆ. ಹಿಮ್ಮಡಿ ಹೇಳಲ್ಲ."

ಇವರು ವುಬಿತ್, ವಯಸ್ಸು ಐವತ್ತೆರಡು. ಲಾಲಿಬೆಲಾ ಎಂಬ ಈ ಬೆಟ್ಟದೂರಿನಲ್ಲಿ ಎಲ್ಲರೂ ಕರೆಯುವುದು ಎತ್ಯೆ ವುಬಿತ್ ಎಂದು, ನಾವು ಅಕ್ಕ ಎಂದ ಹಾಗೆ. ಚರ್ಚಿಗೆ ಬರುವವರ ಪಾದರಕ್ಷೆ ಕಾಯುವುದು ಅವರ ಕೆಲಸ. ಬರೀ ಕೂತು ಕಾಯುವ ಕೆಲಸವೆಂದು ತಿಳಿದೀರಿ! ಪಡುವಣ ಬಾಗಿಲಲ್ಲಿ ಒಳಹೊಕ್ಕವರು ಕತ್ತಲ ಸುರಂಗ ದಾಟಿ ಮೂಡಣದ ಅಂಗಳದಲ್ಲಿ ಹೊರಬೀಳುತ್ತಾರೆ. ಅಷ್ಟರಲ್ಲಿ ವುಬಿತ್ ಬೂಟುಗಳನ್ನು ಬುಟ್ಟಿಗೆ ತುಂಬಿ, ಬೆನ್ನಿಗೇರಿಸಿ, ಬಂಡೆಯ ಮೇಲಿನ ದಾರಿಯಲ್ಲಿ ಏರಿ ಇಳಿದು, ಆ ಬದಿಯಲ್ಲಿ ಮೂತಿ ಹೊರಗೆ ಮಾಡಿ ಇಟ್ಟಿರಬೇಕು. ಹೊರಬಂದವರ ಕಾಲು ನೋಡಿಯೇ ಅವರವರ ಜೊತೆಯನ್ನು ಮುಂದಿಡುವುದು ಇವರ ರೂಢಿ. ದಿನಕ್ಕೆ ಇನ್ನೂರು ಜೊತೆಯಾದರೂ ಆಗುತ್ತದೆ. ಗೆನ್ನಾ ಹಬ್ಬದಲ್ಲಿ, ಅಂದರೆ ಇಲ್ಲಿಯ ಕ್ರಿಸ್‌ಮಸ್‌ನಲ್ಲಿ, ಎಷ್ಟೆಂದು ಕೇಳಿದರೆ ಸುಮ್ಮನೆ ಕೈಮುಗಿಯುತ್ತಾರೆ.

ಮೊದಲು ಈ ಬುಟ್ಟಿ ಗಂಡನ ಬೆನ್ನಿನಲ್ಲಿತ್ತು. ಹದಿನಾಲ್ಕು ವರ್ಷದ ಹಿಂದೆ ಆತ ತೀರಿಕೊಂಡ ಮೇಲೆ ಇವರ ಬೆನ್ನಿಗೆ ಬಂತು. ಇಬ್ಬರು ಹೆಣ್ಣುಮಕ್ಕಳು ಬೆಳೆದದ್ದು ಇದರ ಸಂಪಾದನೆಯಲ್ಲೇ. ಮಧ್ಯೆ ಲೋಕಕ್ಕೇ ಕಾಯಿಲೆ ಬಂತು, ಅದರ ಬೆನ್ನಿಗೇ ಯುದ್ಧ ಬಂತು, ಒಂದೇ ಒಂದು ಪರದೇಶಿ ಬೂಟು ಈ ಮೆಟ್ಟಿಲು ಹತ್ತಲಿಲ್ಲ. ಆಗ ಹುರಿದ ಬಾರ್ಲಿ ಮಾರಿ ಹೊಟ್ಟೆ ಹೊರೆದರು. ಆ ಕಾಲದ ಮಾತೆತ್ತಿದರೆ ಸಾಕು, ಬೇರೆ ಚಪ್ಪಲಿ ಜೋಡಿಸಲು ಎದ್ದುಹೋಗುತ್ತಾರೆ.

ಬೂಟಿನ ಅಡಿ ನೋಡಿ ನಡಿಗೆ ಹೇಳುವುದು ಅವರ ವಿದ್ಯೆ. ಒಮ್ಮೆ ನನ್ನದನ್ನೂ ತಿರುವಿ ನೋಡಿ, "ಎಡಗಾಲಿನ ಮೇಲೆ ನಿಮಗೆ ನಂಬಿಕೆನೇ ಇಲ್ವಲ್ರೀ," ಅಂದಿದ್ದಾರೆ. ಅಂದಿನಿಂದ ನಾನು ಎಡಗಾಲನ್ನು ಗಮನಿಸುತ್ತಲೇ ಇದ್ದೇನೆ, ಅವರು ಹೇಳಿದ್ದು ನಿಜ.

ಹೊಸದಾಗಿ ಬರುವವರಿಗೆ ನಾಲ್ಕು ಮಾತು ಹೇಳಿ ಎಂದರೆ ನಾಲ್ಕಕ್ಕೇ ನಿಲ್ಲುವ ಹೆಂಗಸಲ್ಲ. "ಉದ್ದ ಲೇಸಿನ ಬೂಟು ಬೇಡಿ. ಹನ್ನೊಂದು ಚರ್ಚು, ಬಿಚ್ಚಿ ಕಟ್ಟೋದ್ರಲ್ಲೇ ದಿನ ಮುಗಿಯತ್ತೆ. ದಪ್ಪ ಉಣ್ಣೆ ಕಾಲುಚೀಲ ಹಾಕ್ಕೊಳ್ಳಿ. ಒಳಗೆ ಹಾಸಿರೋ ಕಂಬಳೀಲಿ ಚಿಗಟ ಇದಾವೆ, ಅವಕ್ಕೆ ಪರದೇಶದ ರಕ್ತ ಅಂದ್ರೆ ಹಬ್ಬ. ಬುಧವಾರ, ಶುಕ್ರವಾರ ಮಾಂಸ ಕೇಳ್ಬೇಡಿ, ಉಪವಾಸದ ತಟ್ಟೆ ತಿನ್ನಿ, ಬೆರಳು ಚೀಪ್ತೀರಿ. ಕಾಫಿಗೆ ಕರೆದ್ರೆ ಮೂರನೇ ಲೋಟದ ತನಕ ಏಳ್ಬೇಡಿ, ಮನೆಯಾಕೆ ಮುಖ ಸಣ್ಣ ಆಗತ್ತೆ. ಬಂದ ದಿನಾನೇ ಓಡಾಡ್ಬೇಡಿ. ಇದು ಎತ್ತರದ ಊರು, ಉಸಿರನ್ನ ಕೇಳಿ ಹೆಜ್ಜೆ ಇಡಿ."

"ಕಾಲುಚೀಲದ ಅಂಗಡಿ ಇವರ ನಾದಿನೀದು, ಅದನ್ನೂ ಬರ್ಕೊಳ್ಳಿ," ಎಂದು ಮಾರ್ಗದರ್ಶಿ ಸಿಸಾಯ್ ಕಾಲೆಳೆಯುತ್ತಾನೆ.

"ನಿನ್ನ ಭಾವನ ಹೋಟ್ಲಿಗೆ ನೀನು ಜನಾನ ಅಟ್ಟಲ್ವೇನೋ? ಸುಮ್ನಿರು."

ಇಷ್ಟೆಲ್ಲ ನಗುವಿದ್ದರೂ ಇಂದು ವುಬಿತ್ ಬೆಳಗಿನಿಂದ ನೀರೂ ಕುಡಿದಿಲ್ಲ. ಕಳೆದ ತಿಂಗಳು ಒಂದೇ ಬಗೆಯ ಎರಡು ಜೊತೆ ಅದಲುಬದಲಾಗಿ, ಒಬ್ಬರು ಇನ್ನೊಬ್ಬರ ಬೂಟಿನಲ್ಲಿ ವಿಮಾನ ಹತ್ತಿಬಿಟ್ಟರು. ಚರ್ಚಿನ ಹಿರಿಯ ಪಾದ್ರಿ ಮೆಜ್ಗೆಬು, ಎಲ್ಲರ ಬಾಯಲ್ಲಿ ಅಬ್ಬಾ, ಅಂದರೆ ಅಪ್ಪ, ಖಡಾಖಂಡಿತವಾಗಿ ಹೇಳಿದ್ದಾರೆ: ಇಂದಿನ ಇಪ್ಪತ್ತಾರು ಜನರ ತಂಡದಲ್ಲಿ ಒಂದು ಜೊತೆ ತಪ್ಪಿದರೂ ಸೋಮವಾರದಿಂದ ಪಡುವಣ ಬಾಗಿಲಲ್ಲಿ ನಂಬರು ಹಾಕಿದ ಗೂಡು. ಜನ ತಾವೇ ಇಟ್ಟು, ಸುತ್ತಿ ಬಂದು ತಾವೇ ತೆಗೆದುಕೊಳ್ಳಲಿ. ಹಾಗಾದರೆ ಬುಟ್ಟಿಗೂ ಕೆಲಸವಿಲ್ಲ, ವುಬಿತ್‌ಗೂ ಇಲ್ಲ. ಕಿರಿಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಉಳಿದಿದೆ.

ತಂಡ ಒಳಗೆ ಹೋಗುತ್ತದೆ. ವುಬಿತ್ ಎರಡು ಸಲ ಬಂಡೆ ಹತ್ತಿಳಿದು ಬೂಟು ಸಾಗಿಸುತ್ತಾರೆ. ಮೂಡಣದ ಅಂಗಳದಲ್ಲಿ ಅಬ್ಬಾ ತಮ್ಮ ಕೋಲಿಗೆ ಗದ್ದವೂರಿ ನಿಂತಿದ್ದಾರೆ. ಸುರಂಗದ ಬಾಯಲ್ಲಿ ಮೊದಲ ಕಾಲು ಕಾಣುತ್ತದೆ: ಬಿಳಿ ಉಣ್ಣೆಯ ಕಾಲುಚೀಲ, ಕೆಂಪು ಗೆರೆ. ಎರಡನೆಯದೂ ಅದೇ, ಮೂರನೆಯದೂ ಅದೇ. ಚಿಗಟದ ಮಾತು ಕೇಳಿ ಇಡೀ ತಂಡ ನಿನ್ನೆ ಸಂಜೆ ನಾದಿನಿಯ ಅಂಗಡಿಯನ್ನೇ ಖಾಲಿ ಮಾಡಿದೆ! ಪಾದದ ಗುರುತು ಹಿಡಿಯುವ ಹೆಂಗಸಿನ ಮುಂದೆ ಈಗ ಬರೀ ಕಾಲುಚೀಲಗಳ ಮೆರವಣಿಗೆ. ಸಿಸಾಯ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. "ಎತ್ಯೆ, ನಿಮ್ಮ ಬಾಯಿ ನಿಮ್ಗೇ ಮುಳುವಾಯ್ತು!"

"ನಗು, ನಗು. ಇವರನ್ನೆಲ್ಲ ಹತ್ಹತ್ತು ಹೆಜ್ಜೆ ನಡೆಸು ನೋಡೋಣ."

ಸಿಸಾಯ್ ನಡೆಸುತ್ತಾನೆ. ವುಬಿತ್ ಬೂಟುಗಳನ್ನು ಮಗುಚಿಟ್ಟು ಒಮ್ಮೆ ಅಟ್ಟೆ ನೋಡುತ್ತಾರೆ, ಒಮ್ಮೆ ನಡಿಗೆ ನೋಡುತ್ತಾರೆ. ಹೊರಬದಿ ಸವೆದದ್ದು ಬಾತುಕೋಳಿಯಂತೆ ನಡೆಯುವ ಗಡ್ಡದವನಿಗೆ. ಹಿಮ್ಮಡಿ ತೇದದ್ದು ಎಳೆದು ನಡೆಯುವ ಹುಡುಗಿಗೆ. ಕಳೆದ ತಿಂಗಳಿನ ಹಾಗೇ ಇಂದೂ ಒಂದೇ ಬಗೆಯ ಎರಡು ಜೊತೆ ಇವೆ, ಈ ಸಲ ಅವೂ ಸರಿಯಾದ ಕಾಲಿಗೇ ಸೇರುತ್ತವೆ. ಪರದೇಶಿಗಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಅಂಗಳದಲ್ಲಿ ಪುಟ್ಟ ಕಂದು ಬೂಟಿನ ಒಂದು ಜೊತೆ ಉಳಿದುಬಿಡುತ್ತದೆ.

ಅಬ್ಬಾ ನಿಟ್ಟುಸಿರು ಬಿಡುತ್ತಾರೆ. "ನೋಡಿದ್ಯಾ ವುಬಿತ್? ಎಲ್ಲೋ ಎಡವಟ್ಟಾಯ್ತು. ಎಲ್ಲಾರೂ ಬಂದಾಯ್ತೇನೋ ಸಿಸಾಯ್?"

"ಬಂದಾಯ್ತು ಅಬ್ಬಾ. ಇಪ್ಪತ್ತಾರು ತಲೆ, ಎಣಿಸಿದೀನಿ."

ವುಬಿತ್ ಆ ಬೂಟನ್ನು ಅಂಗೈಯಲ್ಲಿ ತಿರುವುತ್ತಾರೆ. ಅವರ ಮುಖದ ನಗು ಇಳಿಯುತ್ತದೆ. "ಬೂಟು ಹೆಚ್ಚಾಗಿಲ್ಲ ಅಬ್ಬಾ, ಕಾಲು ಕಮ್ಮಿ ಆಗಿದೆ. ಬಲಗಾಲು ಎಳ್ಕೊಂಡು ನಡೆಯೋ ಅಜ್ಜಿ ಒಬ್ರು ಇದ್ರಲ್ಲ, ಎಲ್ಲಿ ಅವರು? ಸಿಸಾಯ್, ನೀನು ನಿನ್ನ ತಲೇನೂ ಸೇರಿಸಿ ಎಣಿಸಿದ್ಯೇನೋ, ಪೆದ್ದಾ?"

ಉತ್ತರಕ್ಕೆ ಕಾಯದೆ ಅವರು ಸುರಂಗಕ್ಕೆ ನುಗ್ಗುತ್ತಾರೆ. ಕೈಯಲ್ಲಿ ದೀಪವೂ ಇಲ್ಲ. ನನಗೆ ನಿಜಕ್ಕೂ ಹೆದರಿಕೆಯಾಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕತ್ತಲೊಳಗಿಂದ ವುಬಿತ್ ಬೈಯುವ ದನಿ, ಅದರ ಹಿಂದೆ ಇನ್ನೊಂದು ಕ್ಷೀಣವಾದ ನಗು. ಏದುಸಿರು ಹತ್ತಿ ಸುರಂಗದ ಮೂಲೆಯಲ್ಲಿ ಕುಸಿದು ಕೂತಿದ್ದ ಎಪ್ಪತ್ತು ದಾಟಿದ ಅಜ್ಜಿ, ವುಬಿತ್ ಹೆಗಲಿಗೆ ಜೋತುಬಿದ್ದು ಹೊರಗೆ ಬರುತ್ತಾರೆ. ಸಿಸಾಯ್ ಓಡಿಹೋಗಿ ಸಕ್ಕರೆ ನೀರು ತರುತ್ತಾನೆ. ಅವನ ಕಣ್ಣು ಒದ್ದೆಯಾಗಿದೆ.

ಅಬ್ಬಾ ಬಾಗಿ ಆ ಪುಟ್ಟ ಬೂಟನ್ನು ನೋಡುತ್ತಾರೆ. ಅದು ಪಡುವಣ ಬಾಗಿಲ ಗೂಡಿನಲ್ಲಿ ಉಳಿದಿದ್ದರೆ ಸಂಜೆಯವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲವೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ.

"ಗೂಡು ಬೇಡ ಬಿಡು," ಎನ್ನುತ್ತಾರೆ ಕೊನೆಗೆ. "ಆದ್ರೆ ಹಲಗೆ ತಂದು ಹಾಕ್ಸಿಬಿಟ್ಟಿದೀನಲ್ಲ, ಅದನ್ನೇನ್ ಮಾಡೋದು?"

ವುಬಿತ್ ಅಜ್ಜಿಯ ಮುಂದೆ ಮಂಡಿಯೂರಿ ಲೇಸು ಕಟ್ಟುತ್ತಿದ್ದಾರೆ. ತಲೆಯೆತ್ತುವುದಿಲ್ಲ.

"ಇಲ್ಲೊಂದು ಬೆಂಚು ಮಾಡ್ಸಿ ಅಬ್ಬಾ. ಬೂಟು ಹಾಕ್ಕೊಳ್ಳೋವಾಗ ಎಲ್ಲಾರೂ ನನ್ನ ಭುಜಾನೇ ಹಿಡ್ಕೊಂಡು ನಿಲ್ತಾರೆ. ಹದಿನಾಲ್ಕು ವರ್ಷ ಆಯ್ತು, ಒಬ್ರನ್ನೂ ಬೀಳೋಕೆ ಬಿಟ್ಟಿಲ್ಲ. ಈಗ ಭುಜಕ್ಕೆ ಸ್ವಲ್ಪ ನೋವು."