ಎಲುಬಿಲ್ಲದ ಗಿಟಾರು ಕೊಡ್ರಿ

ಗಿಟಾರು ಮಾರುವ ಅಂಗಡಿಯಲ್ಲಿ ನಿಂತು ‘ಇದ ಯಾ ಪ್ರಾಣಿದ ಎಲುಬ ಐತ್ರಿ?’ ಎಂದು ಕೇಳಿದವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಕಳೆದ ಎರಡನೇ ಶನಿವಾರ, ಮಿರಜ್‌ನಲ್ಲಿ. ಕೇಳಿದವರು ನಮ್ಮ ಅತ್ತೆ.

ಅಂಗಡಿಯವನು ಎದೆಯುಬ್ಬಿಸಿ ಉತ್ತರ ಕೊಟ್ಟ. ಪಾಪ, ಅವನಿಗೇನು ಗೊತ್ತು?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಈ ಅಂಕಣ ಓದುವವರಿಗೆ ನಮ್ಮ ಅತ್ತೆ ಹೊಸಬರಲ್ಲ. ಹೊಸದಾಗಿ ಓದುವವರಿಗಾಗಿ ಇಷ್ಟು ಸಾಕು: ರಾಯಬಾಗದಲ್ಲಿ ನಮ್ಮದು ಜೈನರ ಮನೆ, ಅತ್ತೆ ಅದರ ಸುಪ್ರೀಂ ಕೋರ್ಟು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾರೆ. ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುವುದಿಲ್ಲ. ಕೆಲವು ವರ್ಷಗಳ ಹಿಂದೆ ಚಾತುರ್ಮಾಸಕ್ಕೆ ಮುನಿಗಳು ಬಂದಾಗ ಅವರ ಮುಂದೆ ಕೈಮುಗಿದು ಇನ್ನೊಂದು ನೇಮ ಹಿಡಿದರು. ಪ್ರಾಣಿಯ ಚರ್ಮ, ಎಲುಬು, ಕೊಂಬು ಯಾವುದೂ ಇನ್ನು ಮುಂದೆ ನಮ್ಮ ಮನೆಯೊಳಗೆ ಬರಕೂಡದು.

ನಮ್ಮನೆಯವರ ಬೆಲ್ಟು ಪ್ಲಾಸ್ಟಿಕ್ಕಿನದಾಯಿತು. ನನ್ನ ಪರ್ಸು ರೆಕ್ಸಿನ್ನಿನದಾಯಿತು. ನನ್ನ ತವರಿನವರು ಅಥಣಿಯಿಂದ ತಂದ ಚರ್ಮದ ಚಪ್ಪಲಿ (ಅಥಣಿ ಚಪ್ಪಲಿ ಗೊತ್ತಲ್ಲ, ನಡೆದರೆ ಕರ್‌ ಕರ್‌ ಅನ್ನುವುದು) ಹೊಸ್ತಿಲು ದಾಟುವ ಮೊದಲೇ ವಾಪಸ್ ಅಥಣಿ ಬಸ್ಸು ಹತ್ತಿತು. ನನ್ನದೇನೂ ತಕರಾರಿರಲಿಲ್ಲ. ರೆಕ್ಸಿನ್ ಪರ್ಸಿನಲ್ಲಿಟ್ಟರೂ ದುಡ್ಡು ದುಡ್ಡೇ ಅಲ್ಲವೇ?

ಸಂಕಟ ಶುರುವಾದದ್ದು ಪೇಟಿಯಿಂದ. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಮಗಳು ತ್ರಿಶಲಾ ಆಗ ಆರನೇ ಇಯತ್ತೆ, ಅಂದರೆ ಆರನೇ ಕ್ಲಾಸು. ರೇಡಿಯೊದಲ್ಲಿ ಬಂದ ಹಾಡನ್ನೆಲ್ಲ ಗುನುಗುತ್ತಾಳೆಂದು ನಮ್ಮನೆಯವರು ಚಿಕ್ಕೋಡಿಯ ಭಜನಾ ಮಂಡಳಿಯವರಿಂದ ಹಳೆಯ ಪೇಟಿಯೊಂದನ್ನು ಕೊಂಡು ತಂದರು. ಹುಡುಗಿ ಊಟ ನಿದ್ದೆ ಮರೆತಳು. ಇನ್ನೂ ವಾರ ಕಳೆದಿರಲಿಲ್ಲ, ಅತ್ತೆ ಧೂಳು ಒರೆಸಲು ಹೋಗಿ ಹಿಂದೆ ಗಾಳಿ ಒತ್ತುವ ಬಾತೆಯನ್ನು ಬಿಡಿಸಿ ನೋಡಿದರು. ಮಡಿಕೆ ಮಡಿಕೆಗೂ ಚರ್ಮದ ಪಟ್ಟಿ.

ನಮ್ಮ ಅತ್ತೆ ಕೂಗಾಡುವವರಲ್ಲ. ಇದು ಮನೆಯಲ್ಲಿರುವುದು ಬೇಡ ಅಂದರು, ಅಷ್ಟೇ. ಪೇಟಿ ಬಂದ ದಾರಿಯಲ್ಲೇ ವಾಪಸ್ ಹೋಯಿತು.

ತ್ರಿಶಲಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಪೇಟಿಗೆ ಹೊದಿಸಿದ್ದ ಬಟ್ಟೆಯನ್ನು ನೀಟಾಗಿ ಮಡಿಸಿ ಕಪಾಟಿನಲ್ಲಿಟ್ಟಳು. ಅಂದಿನಿಂದ ಹುಡುಗಿ ಏನನ್ನೂ ಕೇಳುವುದೇ ಬಿಟ್ಟಳು. ದೀಪಾವಳಿಗೆ ಯಾವ ಬಣ್ಣದ ಫ್ರಾಕು ಬೇಕು? ‘ಯಾವುದಾದ್ರೂ ಆಗತೈತಿ.’ ಟ್ರಿಪ್ಪಿಗೆ ಹೋಗ್ತೀಯಾ? ‘ನೀವು ಹೇಳಿದಂಗ.’ ಅಕ್ಕಪಕ್ಕದ ತಾಯಂದಿರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಎಂಥ ಶಾಣ್ಯಾ ಹುಡುಗಿ ಹಡೆದೀರಿ, ಒಂದು ಹಟ ಇಲ್ಲ, ಒಂದು ರಗಳೆ ಇಲ್ಲ ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಮನೆಗೆ ಬಂದು ಕಪಾಟಿನ ಆ ಬಟ್ಟೆ ನೋಡುತ್ತಿದ್ದೆ.

ಹೀಗಿರುವಾಗ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿಗೆ ಲೀನಾ ಎಂಬವರು ಬಂದರು. ಹೊಸ ಇಂಜಿನಿಯರರ ಹೆಂಡತಿ, ಮೂಲ ಗೋವಾದವರು. ಓಣಿಯ ಮಕ್ಕಳನ್ನು ಕೂಡಿಸಿಕೊಂಡು ರಜೆಯ ದಿನ ಗಿಟಾರು ಹೇಳಿಕೊಡುತ್ತಾರೆ. ಗೆಳತಿಯ ಜೊತೆ ತ್ರಿಶಲಾ ಕೂಡ ಹೋಗಿ ಕೂತು ಬರುತ್ತಿದ್ದಳಂತೆ. ಒಂದು ದಿನ ಲೀನಾ ನಾನು ಪಾಠ ಮಾಡುವ ಹೈಸ್ಕೂಲಿಗೇ ಬಂದು ನನ್ನನ್ನು ಹೊರಗೆ ಕರೆದರು. ಬೇರೆ ಮಕ್ಕಳು ಗಿಟಾರಿಗೆ ಮುಗಿಬೀಳುತ್ತಾರೆ, ನಿಮ್ಮ ಮಗಳು ಗೋಡೆಗೆ ಒರಗಿ ಕೂರುತ್ತಾಳೆ, ನಾನೇ ಅವಳ ತೊಡೆಯ ಮೇಲೆ ಇಡಲು ಹೋದೆ, ಕೈ ಹಿಂದೆ ಕಟ್ಟಿಕೊಂಡು ಒಂದು ಪ್ರಶ್ನೆ ಕೇಳಿದಳು ಎಂದರು.

‘ಏನಂತ?’

‘ಇದರಾಗ ಚರ್ಮ ಐತೇನ್ರಿ ಅಂತ.’

ಹದಿಮೂರು ವರ್ಷದ ಹುಡುಗಿ, ಮುಟ್ಟಿದರೆ ಎಲ್ಲಿ ಆಸೆ ಹುಟ್ಟುತ್ತದೋ ಎಂದು ಹೆದರಿ ಮೊದಲೇ ಕೈ ಕಟ್ಟಿಕೊಂಡು ಕೂತಿದ್ದಾಳೆ. ಅವಳು ಕೇಳದಿದ್ದರೆ ಬಿಡಲಿ, ನಾನೇ ಕೊಡಿಸುತ್ತೇನೆ ಎಂದು ಅಂದೇ ತೀರ್ಮಾನಿಸಿದೆ. ಕೊಡಿಸುವುದು ದೊಡ್ಡ ಮಾತಲ್ಲ. ಕೊಡಿಸಿದ್ದು ಇನ್ನೊಮ್ಮೆ ವಾಪಸ್ ಹೋಗಬಾರದು. ಹೋದರೆ ಈ ಹುಡುಗಿ ಜನ್ಮದಲ್ಲಿ ಮತ್ತೇನನ್ನೂ ಬಯಸುವುದಿಲ್ಲ ಎಂಬ ಹೆದರಿಕೆ ನನಗೆ.

ಬಜೆಟ್ಟು? ಕೇಳಬೇಡಿ. ಕಬ್ಬಿನ ಬಿಲ್ಲು ಇನ್ನೂ ಕಾರ್ಖಾನೆಯಲ್ಲೇ ಇತ್ತು. ನನ್ನ ಪಗಾರು ಆಗಲೇ ಕಿರಾಣಿ ಅಂಗಡಿ ಸೇರಿತ್ತು.

ಎಲ್ಲಕ್ಕಿಂತ ಅಗ್ಗದ್ದು ರೆಕಾರ್ಡರ್ ಎಂದು ಲೀನಾ ಸಲಹೆ ಕೊಟ್ಟರು. (ಟೇಪ್ ರೆಕಾರ್ಡರ್ ಅಲ್ಲ. ಕೊಳಲಿನ ಹಾಗೆ ಊದುವುದು, ಆದರೆ ನೆಟ್ಟಗೆ ಮುಂದಕ್ಕೆ ಹಿಡಿಯಬೇಕು.) ಪೂರಾ ಪ್ಲಾಸ್ಟಿಕ್ಕು. ಚರ್ಮದ ಮಾತೇ ಇಲ್ಲ. ನಾನು ಗೆದ್ದೆ ಅಂದುಕೊಂಡು ಅತ್ತೆಯ ಮುಂದೆ ಲೀನಾರ ರೆಕಾರ್ಡರ್ ಹಿಡಿದೆ. ಅತ್ತೆ ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಕಲಿಸುವವರು ಮೊದಲು ಊದಿ ತೋರಿಸುತ್ತಾರೋ ಎಂದರು. ಹೌದೆಂದೆ. ಆಮೇಲೆ ಇವಳು ಅದನ್ನೇ ಬಾಯಲ್ಲಿ ಇಟ್ಟುಕೊಳ್ಳುತ್ತಾಳೋ? ಎಂಜಲು! ರೆಕಾರ್ಡರ್ ಅಲ್ಲಿಗೇ ಮುಗಿಯಿತು. ಬಿದಿರಿನ ಕೊಳಲು ಅಂದೆ. ಬಿದಿರಿನೊಳಗೆ ಹುಳ ಹುಪ್ಪಡಿ ಮನೆ ಮಾಡಿರುತ್ತವೆ, ಊದಿದರೆ ಅವುಗಳ ಗತಿ ಏನು ಎಂದರು. ನೀವೇ ಹೇಳಿ, ನಾನು ಏನಂತ ವಾದಿಸಲಿ?

ಕೊನೆಗೆ ಉಳಿದದ್ದು ಗಿಟಾರು. ಲೀನಾ ಯಾವುದನ್ನು ಹೇಗೆ ನೋಡಿ ಆರಿಸಬೇಕೆಂದು ತ್ರಿಶಲಾಗೆ ಹೇಳಿಕೊಟ್ಟರು. ಕಬ್ಬಿಣದ ತಂತಿಯದು ಬೇಡ, ಎಳೆ ಬೆರಳಿಗೆ ನೈಲಾನ್ ತಂತಿಯದೇ ಆಗಬೇಕು. ಬೆಲೆ ನೋಡಿ ಬೆರಗಾಗಬೇಡಿ, ಶುರುವಿಗೆ ಸಾದಾ ಗಿಟಾರು ಸಾಕು, ಕುತ್ತಿಗೆ ನೆಟ್ಟಗಿರಲಿ, ತಂತಿ ಬಿಗಿಯುವ ಕಿವಿ ತಿರುವಿದರೆ ಜಾರದಿರಲಿ ಎಂದರು.

ನಾವು ತಾಯಿ ಮಗಳು ಗುಟ್ಟಾಗಿ ಮಿರಜ್‌ಗೆ ಹೋಗಿ ಬರುವ ಪ್ಲ್ಯಾನು ಹಾಕಿದ್ದೆವು. ಶನಿವಾರ ಮುಂಜಾನೆ ನೋಡಿದರೆ ಅತ್ತೆ ಇಳಕಲ್ ಸೀರೆ ಉಟ್ಟು, ಸೋಸಿದ ನೀರಿನ ಬಾಟಲಿ ಹಿಡಿದು ಜಗಲಿಯ ಮೇಲೆ ತಯಾರು. ‘ನಾನೂ ಬರ್ತೇನಿ.’ ರೈಲು ಗದ್ದಲ ಇರುತ್ತದೆ ಅಂದೆ. ನಿಮ್ಮ ಮೊಣಕಾಲು ಅಂದೆ. ನಮ್ಮನೆಯವರ ಕಡೆ ನೋಡಿದೆ. ಅವರು ಪೇಪರಿನ ಹಿಂದೆ ಅಡಗಿಕೊಂಡಿದ್ದರು. (ಗಂಡಸರಿಗೆ ಪೇಪರು ಯಾಕೆ ಬೇಕು ಎಂಬುದು ನನಗೆ ಅವತ್ತು ತಿಳಿಯಿತು.)

ಮಿರಜ್‌ನ ಆ ಓಣಿ ನೋಡಿದವರಿಗೆ ಗೊತ್ತು. ಸಾಲುಸಾಲಾಗಿ ಸಿತಾರು, ತಂಬೂರಿಯ ಅಂಗಡಿ. ಒಣಗಿದ ದೊಡ್ಡ ಕುಂಬಳದ ಬುರುಡೆಗಳನ್ನು ಮಾಳಿಗೆಗೆ ನೇತುಹಾಕಿರುತ್ತಾರೆ. ಅತ್ತೆಗೆ ಅವು ಬಹಳ ಹಿಡಿಸಿದವು. ಕಾಯಿಪಲ್ಲೆಯಲ್ಲೂ ಬಾರಿಸುವ ಸಾಮಾನು ಮಾಡುತ್ತಾರಲ್ಲ ಎಂದು ಮೆಚ್ಚಿಕೊಂಡರು. ಗಿಟಾರು ಸಿಕ್ಕಿದ್ದು ಓಣಿಯ ಕೊನೆಯ ಅಂಗಡಿಯಲ್ಲಿ. ಮಾಲೀಕ ದುಂಡಗಿನ ಮನುಷ್ಯ, ಮರಾಠಿ ಬೆರೆಸಿ ಒಳ್ಳೆಯ ಕನ್ನಡ ಮಾತಾಡುತ್ತಿದ್ದ. ಸಿತಾರಿನ ಕಾರಿಗರರೇ ಕೈಯಿಂದ ಮಾಡಿದ್ದು ಎಂದು ಒಂದು ಗಿಟಾರು ಇಳಿಸಿ ನಮ್ಮ ಮುಂದಿಟ್ಟ. ಚಂದವೆಂದರೆ ಚಂದ.

ಅತ್ತೆ ತಂತಿ ಕೂರುವ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟು ಆ ಪ್ರಶ್ನೆ ಕೇಳಿದ್ದು ಆಗಲೇ.

‘ಒಂಟಿದರಿ ಮೌಶಿ, ಅಸಲಿ’ ಅಂದ ಅವನು.

ಒಂಟೆ ಎಂದದ್ದೇ ಅತ್ತೆ ಬೆರಳು ತೆಗೆದರು. ನಾನು ಅವನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಇನ್ನೂ ಹೊಗಳು ಎಂದು ತಿಳಿದನೋ ಏನೋ, ಅಂಟು ಕೂಡ ಹಳೆಯ ಪದ್ಧತಿಯದು, ಚರ್ಮ ಕುದಿಸಿ ತೆಗೆದ ಸರೇಸು, ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ ಎಂದ. ಪಾಲಿಶ್ ಅರಗಿನದು ಎಂದ. ಅರಗು ಯಾವ ಹುಳುವಿನಿಂದ ಬರುತ್ತದೆ ಎಂದು ನಮ್ಮ ಅತ್ತೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತ್ರಿಶಲಾ ಆಗಲೇ ಬಾಗಿಲ ಹತ್ತಿರ ಹೋಗಿ ರಸ್ತೆ ನೋಡುತ್ತಿದ್ದಳು. ನಾನು ಸುಮ್ಮನೆ ಬೆಲೆ ಕೇಳಿದೆ. ಹೇಳಿದ. ಅಹಿಂಸೆಯ ಮಹತ್ವ ನನಗೂ ಇನ್ನೊಮ್ಮೆ ಮನವರಿಕೆಯಾಯಿತು.

‘ಎಲುಬಿಲ್ಲದ್ದ ಇದ್ರ ಕೊಡ್ರಿ’ ಅಂದರು ಅತ್ತೆ. (ಈ ಮಾತನ್ನು ಅವನು ಬೇರೆ ನಮೂನೆಯ ಅಂಗಡಿಯಲ್ಲಿ ಕೇಳಿದ್ದಿರಬಹುದು.)

ತಲೆ ಕೆರೆದುಕೊಂಡು, ಏಣಿ ಹಾಕಿ, ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದನ್ನು ಇಳಿಸಿದ. ಇದು ನಿಮಗೆ ಬೇಡ ಎಂದು ಮೊದಲೇ ಹೇಳಿಬಿಟ್ಟ. ಫ್ಯಾಕ್ಟರಿಯ ಮಾಲು, ಮೈಯೆಲ್ಲ ಪ್ಲೈವುಡ್ಡು, ಪಟ್ಟಿ ಪ್ಲಾಸ್ಟಿಕ್ಕು, ಅಂಟು ಕೆಮಿಕಲ್ಲು, ತಂತಿ ನೈಲಾನು, ಸ್ಕೂಲ್ ಗ್ಯಾದರಿಂಗಿನಲ್ಲಿ ಕೊರಳಿಗೆ ಹಾಕಿಕೊಂಡು ನಿಲ್ಲುವುದಕ್ಕೆ ಒಯ್ಯುತ್ತಾರೆ ಅಷ್ಟೇ. ಅವನು ಬೈಯುತ್ತಾ ಹೋದಂತೆ ಅತ್ತೆಯ ಮುಖ ಅರಳುತ್ತಾ ಹೋಯಿತು. ಬೆಲೆ ಕೇಳಿದ ಮೇಲೆ ನನ್ನದೂ ಅರಳಿತು.

‘ಬಾ ಬೇ ಇಲ್ಲೆ’ ಎಂದು ಅತ್ತೆ ಮೊಮ್ಮಗಳನ್ನು ಕರೆದರು. ‘ನಿಮ್ಮ ಟೀಚರ್ ಏನೇನ ನೋಡಂದಾರ, ಎಲ್ಲಾ ನೋಡ.’

ತ್ರಿಶಲಾ ಬಂದಳು. ಒಂದು ಕಣ್ಣು ಮುಚ್ಚಿ, ನೇಗಿಲಿನ ಈಸು ನೆಟ್ಟಗಿದೆಯಾ ಎಂದು ನೋಡುವ ಹಾಗೆ ಕುತ್ತಿಗೆಯುದ್ದಕ್ಕೂ ನೋಡಿದಳು. ನೆಟ್ಟಗಿತ್ತು. ಕುತ್ತಿಗೆಯ ಮೇಲಿನ ಒಂದೊಂದೇ ಲೋಹದ ಪಟ್ಟಿ ಒತ್ತಿ ಮೀಟಿದಳು. ಒಂದು ಕಡೆ ಜುಂಯ್ ಎಂದಿತು, ಇನ್ನೊಂದು ಕಡೆ ಪಟ್ಟಿಯ ತುದಿ ಬೆರಳಿಗೆ ತರಚಿತು. ಅಂಗಡಿಯವನು ಗೊಣಗುತ್ತಲೇ ಕಾನಸು ತಂದು ಉಜ್ಜಿಕೊಟ್ಟ. ಕಿವಿ ತಿರುವಿ ಬಿಗಿ ಮಾಡಿ, ಜಾರುತ್ತದೋ ನೋಡಲು ಎಲ್ಲರೂ ಸುಮ್ಮನೆ ಕೂತು ಕಾದೆವು. ಸದ್ದು ಕೈಕೆಲಸದ್ದರಷ್ಟು ತುಂಬಿರಲಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ಅದು ನನ್ನ ಮಗಳ ತೊಡೆಯ ಮೇಲಿತ್ತು, ಅವಳು ಅದನ್ನು ಕೆಳಗಿಡಲಿಲ್ಲ. ಮೂಲೆಯ ಮಾಲು ಹೋಯಿತೆಂಬ ಖುಷಿಗೆ ಅವನು ಒಂದು ಬಟ್ಟೆಯ ಕವರು ಪುಕ್ಕಟೆ ಕೊಟ್ಟ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ವಾಪಸ್ ಪ್ಯಾಸೆಂಜರಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಶೇಡಬಾಳ ದಾಟಿರಬೇಕು. ಅತ್ತೆ ಮೊಮ್ಮಗಳ ತೊಡೆಯ ಮೇಲಿದ್ದ ಗಿಟಾರನ್ನು ಕವರಿನ ಮೇಲಿಂದ ಸವರುತ್ತಿದ್ದರು. ಹೆಗಲಿಗೆ ಹಾಕುವ ಪಟ್ಟಿಯ ಹತ್ತಿರ ಅವರ ಕೈ ನಿಂತಿತು. ಬಗ್ಗಿ ಮೂಸಿದರು. ನಾನೂ ನೋಡಿದೆ. ಚರ್ಮ. ಅಂಗಡಿಯಲ್ಲಿ ಅಷ್ಟೆಲ್ಲ ತನಿಖೆ ಮಾಡಿದವರು ಪುಕ್ಕಟೆ ಬಂದದ್ದನ್ನು ನೋಡಿರಲಿಲ್ಲ.

ನನಗಿಂತ ಮೊದಲು ಆ ಕೈಯನ್ನು ನೋಡಿದವಳು ತ್ರಿಶಲಾ. ಅವಳು ಗಿಟಾರನ್ನು ಎತ್ತಿ ಅಜ್ಜಿಯ ಕಡೆ ಚಾಚಿದಳು.

‘ವಾಪಸ್ ಕೊಟ್ಟ ಬರೋಣೇನ ಆಯಿ?’

ಕಣ್ಣಲ್ಲಿ ನೀರಿಲ್ಲ. ದನಿಯಲ್ಲಿ ಸಿಟ್ಟಿಲ್ಲ. ಪೇಟಿಯ ಬಟ್ಟೆ ಮಡಿಸಿದಷ್ಟೇ ನೀಟಾದ ಮಾತು.

ಅತ್ತೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದರು. ಎದುರು ಸೀಟಿನವರ ಹತ್ತಿರ ಪೇಪರಿನ ಚೂರು ಕೇಳಿ ಇಸಿದುಕೊಂಡು, ಅದರಲ್ಲಿ ಚರ್ಮದ ಪಟ್ಟಿ ಹಿಡಿದು, ಕವರಿಗೆ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು. ಉಗಾರ ಬಂತು, ಹೋಯಿತು. ಕೃಷ್ಣಾ ಹೊಳೆಯ ಸೇತುವೆಯ ಮೇಲೆ ರೈಲು ಗಡಗಡ ಎನ್ನುವಾಗ ಪಟ್ಟಿ ಕಿತ್ತು ಬಂತು. ಎದುರಿನವರು ತಮ್ಮ ಟ್ರಂಕು ಕಟ್ಟಿಕೊಳ್ಳುತ್ತೇವೆಂದು ಅದನ್ನು ಕೇಳಿ ಪಡೆದರು. ಅತ್ತೆ ತಮ್ಮ ಕೈಚೀಲದ ದಾರ ಬಿಚ್ಚಿ ಕವರಿಗೆ ಕಟ್ಟಿದರು.

ನನಗೆ ತಡೆಯಲಾಗಲಿಲ್ಲ. ‘ಅತ್ತಿಯವರ, ಪೇಟಿ ಮಾತ್ರ ವಾಪಸ್ ಕಳಿಸಿದ್ರಿ’ ಅಂದೆ.

ಗಂಟು ಬಿಗಿಯುತ್ತಾ, ತಲೆ ಎತ್ತದೆ ಹೇಳಿದರು: ‘ಅದು ಹ್ವಾದ ಮ್ಯಾಗ ಈ ಹುಡುಗಿ ನನ್ನ ಹತ್ರ ಏನರೆ ಬೇಡ್ಯಾಳೇನ ಸುಮತಿ? ಒಂದ ಪೆಪ್ಪರಮಿಂಟ ಸೈತ ಬೇಡಿಲ್ಲ. ನೇಮಾನೂ ಬಿಡಾಕ ಆಗೂದಿಲ್ಲ. ಅದಕ್ಕ, ಈ ಸಲ ವಾಪಸ್ ಕಳಸೂ ಸಾಮಾನ ಮನಿಗೆ ಬರಬಾರದಂತನ ನಾ ನಿಮ್ಮ ಬೆನ್ನ ಹತ್ತಿದ್ದು.’

ನಾನು ಅಡ್ಡಗಾಲು ಹಾಕಲು ಬಂದಿದ್ದಾರೆ ಅಂದುಕೊಂಡಿದ್ದೆ. ಅವರು ಕಾವಲು ಕಾಯಲು ಬಂದಿದ್ದರು. ಅವರ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟೆ.

ಕುಡಚಿ ಸ್ಟೇಶನ್ನಿನಲ್ಲಿ ಚುರುಮುರಿಯವನು ಹತ್ತಿದ. ತ್ರಿಶಲಾ ಅವನ ಬುಟ್ಟಿ ನೋಡಿದಳು. ಕಿಟಕಿಯ ಹೊರಗೆ ನೋಡಿದಳು. ಮತ್ತೆ ಬುಟ್ಟಿ ನೋಡಿದಳು. ಆಮೇಲೆ ಅಜ್ಜಿಯ ಸೆರಗು ಎಳೆದಳು.

‘ಆಯಿ, ಚುರಮರಿ ಕೊಡಸ. ಉಳ್ಳಾಗಡ್ಡಿ ಹಾಕೂದ ಬ್ಯಾಡನ್ನ.’

ಅತ್ತೆ ಚಷ್ಮಾ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಗಾಜು ಸ್ವಚ್ಛವಾಗಿಯೇ ಇತ್ತು. ಆಮೇಲೆ ಆ ಚುರುಮುರಿಯವನನ್ನು ಹಿಡಿದು ಚಾಕು ಯಾವುದು, ಕೈ ತೊಳೆದಿದ್ದೀಯಾ, ಉಳ್ಳಾಗಡ್ಡಿ ಹೆಚ್ಚಿದ ಬೋಗುಣಿ ಬೇರೆ ಇದೆಯಾ ಎಂದು ರೈಲಿನ ಅರ್ಧ ಡಬ್ಬಿಗೆ ಕೇಳುವಂತೆ ವಿಚಾರಣೆ ನಡೆಸಿದರು. ಹೊತ್ತು ಇನ್ನೂ ಮೇಲಿದೆ, ಚೆನ್ನಾಗಿ ತಿನ್ನು ಎಂದು ಮೊಮ್ಮಗಳ ಕೈಗೆ ಪೊಟ್ಟಣ ಕೊಟ್ಟರು. ರಾಯಬಾಗ ಬರುವ ಮೊದಲೇ ಹುಡುಗಿ ಇನ್ನೊಂದು ಕೇಳಿದಳು.

ಅಂದು ತೆರೆದ ಬಾಯಿ ಇನ್ನೂ ಮುಚ್ಚಿಲ್ಲ ಸ್ವಾಮಿ. ಗಿಟಾರು ಹಿಡಿದು ಕೂರಲು ಕೈಯಿಲ್ಲದ ಕುರ್ಚಿ ಬೇಕಂತೆ. ಕಾಲಿನ ಕೆಳಗೆ ಇಡಲು ಮಣೆ ಬೇಕಂತೆ. ಮೊನ್ನೆ ಹೊಸ ರಿಬ್ಬನ್ನು, ನಿನ್ನೆ ಕೆಂಪು ಪೆನ್ನು, ಇವತ್ತು ನಿಪ್ಪಾಣಿಯ ಮಾವನ ಮನೆಗೆ ಕರೆದುಕೊಂಡು ಹೋಗು ಎಂದು ನಾನು ಈ ಅಂಕಣ ಬರೆಯುವ ಟೇಬಲ್ಲಿನ ಪಕ್ಕದಲ್ಲೇ ನಿಂತಿದ್ದಾಳೆ. ನಡುಮನೆಯಲ್ಲಿ ಬಿಟ್ಟುಬಂದ ಗಿಟಾರಿನ ಕಿವಿ ತಿರುವಬೇಡ ಎಂದು ಅಜ್ಜಿಯ ಮೇಲೂ ರೇಗುತ್ತಾಳೆ. ಅಜ್ಜಿ ರೇಗಿಸಿಕೊಂಡು ನಗುತ್ತಾರೆ.

ನಿಮ್ಮ ಮನೆಯ ಮಗು ಅದು ಬೇಕು ಇದು ಬೇಕು ಎಂದು ತಲೆ ತಿನ್ನುತ್ತಿದೆಯೇ? ಪುಣ್ಯವಂತರು ನೀವು, ತಿನ್ನಲಿ ಬಿಡಿ.