ಗೋಣಿ ಸುತ್ತಿದ ಬಿಳಲು

ಮೊನ್ನೆ ಬಾಲ್ಕನಿಯ ಕುಂಡಗಳಿಗೆ ಬಿಸಿಲು ತಾಗದಿರಲೆಂದು ಗೋಣಿಚೀಲ ನೆನೆಸಿ ಹೊದಿಸಿದೆ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸುಬೇದಾರ್ ಅಂಕಲ್ ನೆನಪಾದರು...

ಇಪ್ಪತ್ತು ವರ್ಷದ ಹಿಂದಿನ ಮಾತು. ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಹಳೆಯದೆಂದರೆ ದೊಡ್ಡ ಆಲದ ಮರವೊಂದೇ. ಅರ್ಧ ಸೊಸೈಟಿಯ ಕಾರುಗಳು ಅದರ ನೆರಳಲ್ಲೇ ನಿಲ್ಲುತ್ತಿದ್ದವು. ಹಕ್ಕಿ ಹಿಕ್ಕೆ ಬಿತ್ತೆಂದು ಅದನ್ನು ಬೈಯದವರೂ ಇರಲಿಲ್ಲ. ಒಂದು ಕೊಂಬೆ ಮೊದಲ ಮಹಡಿಯಲ್ಲಿದ್ದ ಅಂಕಲ್ ಮನೆಯ ಕಿಟಕಿಯವರೆಗೂ ಚಾಚಿ ಬಾಗಿತ್ತು. ಮುರಿದು ಬಿದ್ದೀತೆಂದು ಕಮಿಟಿ ಅದನ್ನು ಕಡಿಸಲು ಹೊರಟಿತು.

ಅಂಕಲ್ ಕೊಡಗಿನವರು, ಸೇನೆಯಿಂದ ನಿವೃತ್ತರಾದವರು, ಮಾತು ಗಡಸು. ಮಳೆಗಾಲ ಮುಗಿಯುವ ತನಕ ಗಡುವು ಕೇಳಿದರು. "ಬಿಳಲು ನೆಲ ಹಿಡಿದ್ರೆ ಕಂಬ ಆಗುತ್ತೆ. ಕೊಂಬೆಗೆ ಅದೇ ಆಸರೆ."

ಆ ಕೊಂಬೆಯ ಬಿಳಲು ಇನ್ನೂ ಎದೆಯೆತ್ತರದಲ್ಲಿ ತೂಗುತ್ತಿತ್ತು. ತುದಿ ಬಿಸಿಗಾಳಿಗೆ ಒಣಗುತ್ತಿತ್ತು. ಅಂಕಲ್ ಉದ್ದದ ಬಿದಿರು ಸೀಳಿ, ಒಳಗೆ ಬಿಳಲಿನ ತುದಿ ಇಳಿಸಿ, ಮಣ್ಣು ತುಂಬಿ, ಗೋಣಿ ಸುತ್ತಿ ನೆಲಕ್ಕೆ ನಿಲ್ಲಿಸಿದರು. ಬೆಳಿಗ್ಗೆ, ಸಂಜೆ ಸ್ಟೂಲ್ ಹತ್ತಿ ಬಿದಿರಿನ ಬಾಯಿಗೆ ನೀರು. "ಚಲೋ, ಸ್ಟೂಲ್ ಹಿಡ್ಕೋಮ್ಮಾ," ಎಂದು ನನ್ನನ್ನು ಕರೆಯುತ್ತಿದ್ದರು. ಒಂದು ಮರಕ್ಕೆ ಇಷ್ಟು ಹಟವೇ ಎಂದು ನನಗೆ ಒಳಗೊಳಗೇ ನಗು.

ಒಮ್ಮೆ ಇಡ್ಲಿ ಕೊಡಲು ಅವರ ಮನೆಗೆ ಹೋದೆ. ಆಂಟಿಗೆ ಪಾರ್ಶ್ವವಾಯು, ಮಂಚ ಬಿಟ್ಟು ಏಳುವಂತಿರಲಿಲ್ಲ. ಅವರ ಕಿಟಕಿಯ ತುಂಬ ಆ ಕೊಂಬೆ, ಕೆಂಪು ಹಣ್ಣು ಕುಕ್ಕುವ ಗಿಳಿಗಳು. ಅದು ಹೋದರೆ ಎದುರಿನ ಗೋಡೆ ಮಾತ್ರ. ಆಂಟಿ ತೊದಲುತ್ತ ಕೇಳಿದರು, "ನೆಲ ಮುಟ್ಟಿತಾ?" ಹೊರಡುವಾಗ ಬಾಗಿಲಲ್ಲಿ ಅಂಕಲ್‌ರನ್ನು ಕೇಳಿದೆ.

"ಕಮಿಟಿಗೆ ಇದನ್ನ ಹೇಳಬಾರದಿತ್ತಾ ಅಂಕಲ್?"

"ನನ್ನ ಹೆಂಡತಿ ವಿಷಯ ಅವರ ಮುಂದೆ ಯಾಕಮ್ಮಾ?"

ಶ್ರಾವಣದ ಮಳೆಯಲ್ಲಿ ಆಂಟಿ ತೀರಿಕೊಂಡರು. ಇನ್ನು ಯಾರಿಗಾಗಿ ಎಂದುಕೊಂಡೆ... ಮಳೆ ಬಾರದ ಸಂಜೆಗಳಲ್ಲಿ ಅಂಕಲ್ ಬಕೆಟ್ ಹಿಡಿದು ಇಳಿಯುತ್ತಲೇ ಇದ್ದರು. ನಾನೂ ಹೋಗಿ ಸ್ಟೂಲ್ ಹಿಡಿಯುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಬಿದಿರು ಬಿಚ್ಚಿದೆವು. ಬೆರಳು ಗಾತ್ರದ ಬಿಳಲು ನೆಟ್ಟಗೆ ಮಣ್ಣೊಳಗೆ ಇಳಿದಿತ್ತು. ಅಂಕಲ್ ಎರಡೂ ಕೈಯಿಂದ ಎಳೆದು ನೋಡಿದರು. ಅಲುಗಲಿಲ್ಲ. ತಲೆಯೆತ್ತಿ ಕಿಟಕಿಯತ್ತ "ಮುಟ್ಟಿತು ಕಣೇ!" ಎಂದು ಕೂಗಿದರು. ಮರುಕ್ಷಣ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

ಕೊಂಬೆ ಉಳಿಯಿತು. ಅಂಕಲ್ ಊರಿಗೆ ಹೋದರು. ಕೆಲವು ವರ್ಷಗಳ ನಂತರ ಅವರೂ ಇಲ್ಲವಾದ ಸುದ್ದಿ ಬಂತು. ಆ ಬಿಳಲು ಈಗ ನನ್ನ ತೋಳುಗಳಿಗೆ ಸಿಗದಷ್ಟು ದಪ್ಪದ ಕಂಬ. ಗೋಣಿ ಹೊದಿಸಿದ ಸಂಜೆ ಕೆಳಗಿಳಿದು ಅದನ್ನು ಮುಟ್ಟಿ ಬಂದೆ. ಮೇಲೆ ಗಿಳಿಗಳು ಗಲಾಟೆ ಮಾಡುತ್ತಿದ್ದವು. ಆ ಮನೆಯ ಹೊಸಬರು ಎಸಿ ಹಾಕಿಸಿ, ಆ ಕಿಟಕಿಯನ್ನು ಮುಚ್ಚಿಯೇ ಇಟ್ಟಿದ್ದಾರೆ.