ಜಯಕ್ಕ ಬರೆದಿದ್ದ ಸಾಲು

ಜಯಕ್ಕ ಕಂಪ್ಯೂಟರಿನ ಮುಂದೆ ಕೂರುವ ಮೊದಲು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಕೈ ಒದ್ದೆಯಾಗಿರುತ್ತಿರಲಿಲ್ಲ. ಹಲಗೂರು ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ಹದಿನೆಂಟು ವರ್ಷ ಹಾಲು ಅಳೆದು ಫ್ಯಾಟು, ಅಂದರೆ ಅದರ ಕೊಬ್ಬಿನಂಶ ನೋಡಿದ ಕೈ ಅದು. ಹಾಲಿನ ಕೈಯಲ್ಲಿ ಪುಸ್ತಕ ಮುಟ್ಟಬಾರದು ಎಂಬ ಅಲ್ಲಿನ ಅಭ್ಯಾಸ ಕೀಬೋರ್ಡಿಗೂ ಬಂದಿತ್ತು. ಮಂಡ್ಯದ ನಮ್ಮ ಆಫೀಸಿನಲ್ಲಿ ಮಿಕ್ಕವರೆಲ್ಲ ಬೋಂಡಾ ತಿಂದ ಕೈಯಲ್ಲೇ ಕೋಡ್ ಬರೆಯುವ ಜನ. ಅವರೊಬ್ಬರ ಕೀಬೋರ್ಡು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿರುತ್ತಿತ್ತು.

ನಮ್ಮದು ಸಣ್ಣ ಕಂಪನಿ. ಹಳ್ಳಿ ಡೈರಿಗಳಲ್ಲಿ ಹಾಲು ಪರೀಕ್ಷಿಸುವ ಮಿಷನ್ನಿನಿಂದ ಮಾಹಿತಿ ಪಡೆದು ಇಟ್ಟುಕೊಳ್ಳುವ ಸಾಫ್ಟ್‌ವೇರ್ ಮಾಡುತ್ತೇವೆ. ಮದ್ದೂರು, ಮಳವಳ್ಳಿಯ ಪ್ರೋಗ್ರಾಮರುಗಳು ಡೈರಿಗಳಿಗೆ ಮೊಬೈಲ್ ಆ್ಯಪ್ ಕಟ್ಟುವಾಗ ಆ ಮಾಹಿತಿಯನ್ನು ನಮ್ಮಿಂದ ತೆಗೆದುಕೊಳ್ಳುತ್ತಾರೆ. ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಹೀಗೆ ಕೇಳಿ ಪಡೆಯುವ ಕಿಂಡಿಗೆ ಎಪಿಐ ಎನ್ನುತ್ತಾರೆ. ಹೇಗೆ ಕೇಳಬೇಕು, ಕೇಳಿದರೆ ಏನು ಸಿಗುತ್ತದೆ ಎಂದು ತಿಳಿಸುವ ಪುಟಗಳೇ ಅದರ ಡಾಕ್ಯುಮೆಂಟು. ಆ ಪುಟಗಳನ್ನು ಬರೆಯುತ್ತಿದ್ದವರು ಜಯಕ್ಕ.

ಹಳ್ಳಿಗಳಿಂದ ಬರುವ ಫೋನಿಗೆ ಉತ್ತರ ಹೇಳಲಿ ಎಂದು ಮಾಲೀಕ ಪ್ರಕಾಶಣ್ಣ ಅವರನ್ನು ಸೇರಿಸಿಕೊಂಡಿದ್ದರು. ನಾವು ಬರೆದ ಡಾಕ್ಯುಮೆಂಟು ಯಾರಿಗೂ ಅರ್ಥವಾಗುವುದಿಲ್ಲ ಎಂದು ಆ ಫೋನುಗಳಿಂದಲೇ ಗೊತ್ತಾಗಿ, ಆರು ತಿಂಗಳಲ್ಲಿ ಆ ಕೆಲಸ ಅವರ ಕೈಗೆ ಹೋಯಿತು. ಅವರು ಬರೆಯುತ್ತಿದ್ದ ರೀತಿಯೇ ಬೇರೆ. ಏನಾದರೂ ತಪ್ಪಾದಾಗ ಎಪಿಐ ಕಳಿಸುವ ಸಂಖ್ಯೆಗಳ ಬಗ್ಗೆ ನಾವು ಅರ್ಧ ಪುಟ ಕೊರೆದಿದ್ದೆವು. ಜಯಕ್ಕ ಅದನ್ನೆಲ್ಲ ಹೊಡೆದುಹಾಕಿ, "ನಾನೂರು ಬಂದರೆ ತಪ್ಪು ನಿಮ್ಮದು. ಐನೂರು ಬಂದರೆ ತಪ್ಪು ನಮ್ಮದು, ಫೋನ್ ಮಾಡಿ" ಎಂದು ಬರೆದರು. ಮಳವಳ್ಳಿಯ ಒಬ್ಬ ಪ್ರೋಗ್ರಾಮರ್ ಅದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದ.

ಅವರದು ಒಂದೇ ಹಟ. ನಾನು ಹೊಸದೇನಾದರೂ ಮಾಡಿ, ಇದು ಹೀಗೆ ಕೆಲಸ ಮಾಡುತ್ತದೆ, ಬರೆದುಬಿಡಿ ಎಂದರೆ ಒಪ್ಪುತ್ತಿರಲಿಲ್ಲ.

"ಮಾಡ್ ನೋಡ್ದೆ ಬರೀಬಾರ್ದು ಕಣಪ್ಪ. ಸಾರು ಬಾಯಿಗೇ ಬುಟ್ಕಳ್ದೆ ಉಪ್ಪು ಸರಿಯಾಗದೆ ಅಂತ ಏಳಾಕಾದದಾ?"

ಹಾಲಿನ ಫ್ಯಾಟ್ ತಿಳಿಸುವ ಭಾಗ ಬರೆಯುವಾಗಲೂ ಹೀಗೇ ಆಯಿತು. ಅದೊಂದು ಸಂಖ್ಯೆ, ಅಷ್ಟೇ ಜಯಕ್ಕ ಎಂದೆ. ಅವರು ಮಾರನೆಯ ದಿನ ಬೆಳಿಗ್ಗೆ ಆಫೀಸಿಗೆ ಬರದೆ ತಮ್ಮ ಹಳೆಯ ಡೈರಿಗೆ ಹೋಗಿ ಮಿಷನ್ನಿನ ಪಕ್ಕ ಕೂತುಬಿಟ್ಟರು. ಹನ್ನೊಂದು ಗಂಟೆಗೆ ಬಂದವರು ಚೀಲ ಕೂಡ ಇಳಿಸದೆ ನನ್ನ ಮೇಜಿಗೆ ಬಂದರು.

"ಲೋ ಸ್ರೀದರ, ಅಳೀತಾ ಇರೋವಾಗ ಕರೆಂಟು ಓಗಿ ಬಂತು ಅಂದ್ರೆ ನಿನ್ ಮಿಸನ್ನು ಸೊನ್ನೆ ಕಳಿಸ್ತದೆ ಕಣೋ. ಆಲು ಸರಿಯಾಗೇ ಅದೆ. ಸೊನ್ನೆ ಅಂದ್ರೆ ನೀರು ಅಂತ ಯಾವನಾದ್ರೂ ತಿಳ್ಕಂಡ್ರೆ ಏನ್ ಗತಿ?"

ಅವತ್ತೇ ಆ ಪುಟದಲ್ಲಿ ಒಂದು ಸಾಲು ಸೇರಿತು. "ಫ್ಯಾಟ್ ಸೊನ್ನೆ ಬಂದರೆ ಹಾಲಿಗೆ ನೀರು ಬೆರೆಸಿದ್ದಾರೆ ಎಂದಲ್ಲ, ಕರೆಂಟು ಹೋಗಿ ಬಂದಿದೆ ಎಂದು. ಮತ್ತೆ ಅಳೆಯಿರಿ. ಸೊನ್ನೆ ನೋಡಿ ಯಾರ ಹಾಲನ್ನೂ ಹಿಂದಕ್ಕೆ ಕಳಿಸಬೇಡಿ."

ಇಷ್ಟೆಲ್ಲ ಚೆನ್ನಾಗಿದ್ದರೂ ಒಂದು ತೊಂದರೆಯಿತ್ತು. ನಮ್ಮ ಕೋಡ್ ದಿನಕ್ಕೆರಡು ಸಲ ಬದಲಾಗುತ್ತಿತ್ತು. ಮಾಡಿ ನೋಡಿ ಬರೆಯುವ ಜಯಕ್ಕನ ಪುಟಗಳು ಒಂದು ವಾರ ಹಿಂದೆ ಉಳಿಯುತ್ತಿದ್ದವು. ನಾನು ಒಂದು ಉಪಾಯ ತಂದೆ. ವಿವರಣೆಯನ್ನು ಕೋಡಿನ ಒಳಗೇ ಟಿಪ್ಪಣಿಯಾಗಿ ಬರೆದಿಟ್ಟರೆ ಸಾಕು. ಕೋಡನ್ನೆಲ್ಲ ಸೇರಿಸಿ ಓಡುವ ಪ್ರೋಗ್ರಾಂ ಮಾಡುವ ಹಂತಕ್ಕೆ ನಾವು ಬಿಲ್ಡ್ ಎನ್ನುತ್ತೇವೆ. ಪ್ರತಿ ಬಿಲ್ಡ್ ಆದಾಗಲೂ ಒಂದು ಟೂಲು ಆ ಟಿಪ್ಪಣಿಗಳನ್ನು ಓದಿ ತಾನೇ ಪುಟಗಳನ್ನು ತಯಾರಿಸುತ್ತದೆ. ಯಾರೂ ಕೈ ಹಚ್ಚುವುದೇ ಬೇಡ ಎಂದು ಪ್ರಕಾಶಣ್ಣನಿಗೆ ಎದೆಯುಬ್ಬಿಸಿ ಹೇಳಿದೆ. ಜಯಕ್ಕ ಅಲ್ಲೇ ಇದ್ದರು ಎನ್ನುವುದು ಮಾತು ಮುಗಿದ ಮೇಲೆ ಗಮನಕ್ಕೆ ಬಂತು.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಒಳ್ಳೇದೇ ಆಯ್ತು ಬುಡು, ನಾನು ಫೋನ್ ನೋಡ್ಕತೀನಿ. ನಾನು ಬರ್ದಿರೋದ್ನೆಲ್ಲ ಅದ್ರೊಳಕ್ಕೆ ಆಕ್ತೀಯ ತಾನೆ?" ಎಂದರು.

"ಎಲ್ಲಾನೂ ಹಾಕ್ತೀನಿ ಜಯಕ್ಕ. ನೀವು ಬೇಡದ ಸಾಲು ಯಾವುದಾದ್ರೂ ಇದ್ರೆ ತೆಗೆದುಬಿಡಿ, ನನಗೆ ಸುಲಭ ಆಗುತ್ತೆ" ಎಂದೆ. ಅವರು ಎರಡು ದಿನ ಕೂತು ಕೆಲವು ಹಳೆಯ ಸಾಲುಗಳನ್ನು ತೆಗೆದರು.

ಉಳಿದದ್ದನ್ನು ಒಂದೊಂದಾಗಿ ಕೋಡಿಗೆ ಇಳಿಸುವುದು ನನ್ನ ಕೆಲಸ. ಅರ್ಧಕ್ಕಿಂತ ಹೆಚ್ಚು ಇಳಿಸಿದೆ. ಆಮೇಲೆ ಬೇಸರ ಬಂತು. ಸೊನ್ನೆಯ ಸಾಲು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಓದಿದೆ, ನಕ್ಕೆ, ಸೋಮವಾರ ನೋಡಿದರಾಯಿತು ಎಂದುಕೊಂಡೆ. ಹೊಸ ವ್ಯವಸ್ಥೆ ತೋರಿಸುವ ಆತುರದಲ್ಲಿ ಶುಕ್ರವಾರ ಸಂಜೆಯೇ ಬಿಲ್ಡ್ ಓಡಿಸಿದೆ. ಹೊಸ ಪುಟ ಬರೆಯುವ ಮೊದಲು ಆ ಟೂಲು ಹಳೆಯ ಪುಟಗಳ ಜಾಗವನ್ನು ಪೂರ್ತಿ ಖಾಲಿ ಮಾಡುತ್ತದೆ. ಅದು ನನಗೆ ಗೊತ್ತಿತ್ತು. ಹಳೆಯ ಪುಟಗಳ ಒಂದು ಪ್ರತಿ ತೆಗೆದಿಡುವುದನ್ನು ಮರೆತೆ. ಜಯಕ್ಕ ಬರೆದು ನಾನು ಇಳಿಸದೆ ಬಿಟ್ಟದ್ದೆಲ್ಲ ಹೋಯಿತು. ಹೊಸ ವ್ಯವಸ್ಥೆ ಬಂತೆಂದು ಸೋಮವಾರ ಪ್ರಕಾಶಣ್ಣ ಮೈಸೂರುಪಾಕು ಹಂಚಿದರು. ಜಯಕ್ಕ ನನಗೆ ಎರಡು ತುಂಡು ಕೊಡಿಸಿದರು. ಫ್ಯಾಟಿನ ಪುಟದಲ್ಲಿ ಆಗ ಇದ್ದದ್ದು ಇಷ್ಟೇ: "ಫ್ಯಾಟ್. ಸಂಖ್ಯೆ. ಕಡ್ಡಾಯ." ನಾನು ಯಾರಿಗೂ ಹೇಳಲಿಲ್ಲ.

ಎರಡು ತಿಂಗಳು ಕಳೆಯಿತು. ಮದ್ದೂರಿನಲ್ಲಿ ಒಬ್ಬ ಹೊಸ ಪ್ರೋಗ್ರಾಮರ್ ನಮ್ಮ ಹೊಸ ಪುಟಗಳನ್ನೇ ನಂಬಿ ಆ್ಯಪ್ ಕಟ್ಟಿದ. ಮಂಡ್ಯದಿಂದ ಕೆರಗೋಡಿನ ಬಸ್ಸು ಹಿಡಿದು ಮಧ್ಯದಲ್ಲಿ ಇಳಿಯುವ ಒಂದು ಹಳ್ಳಿಯವರು ಅದನ್ನು ಹಾಕಿಸಿಕೊಂಡರು. ಅಲ್ಲಿನ ಡೈರಿಯಲ್ಲಿ ಚಿಕ್ಕತಾಯಮ್ಮ ಎಂಬ ಹೆಂಗಸಿನ ಹಾಲು ಅಳೆಯುವಾಗ ಕರೆಂಟು ಹೋಗಿ ಬಂತು. ಮಿಷನ್ನು ಸೊನ್ನೆ ಕಳಿಸಿತು. ಹಾಲು ತಿರಸ್ಕರಿಸಲಾಗಿದೆ ಎಂದು ಆ್ಯಪು ಚೀಟಿ ಕೊಟ್ಟಿತು. ಸಾಲಿನಲ್ಲಿದ್ದ ಯಾರೋ, "ಬರೀ ನೀರೇ ತಂದವ್ಳಲ್ಲಪ್ಪ" ಎಂದು ನಕ್ಕರಂತೆ. ಆಕೆ ಅಷ್ಟೂ ಹಾಲನ್ನು ಡೈರಿಯ ಮೆಟ್ಟಿಲ ಮೇಲೆ ಸುರಿದು ಮನೆಗೆ ಹೋದವಳು ಮತ್ತೆ ಹಾಲು ತರಲಿಲ್ಲ. ಡೈರಿಯ ಸೆಕ್ರೆಟರಿ ನಾಲ್ಕು ದಿನ ನೋಡಿ ನಮಗೆ ಫೋನ್ ಮಾಡಿದರು.

"ಇದನ್ನ ಬರೆದಿರಲಿಲ್ವಾ ಜಯಕ್ಕ?" ಎಂದು ಪ್ರಕಾಶಣ್ಣ ಕೇಳಿದರು.

ಜಯಕ್ಕ ಸೆರಗಿಗೆ ಕೈ ಒರೆಸಿಕೊಂಡರು. "ಬರ್ದಿದ್ದೆ ಅಂತ್ಲೇ ಅನ್ಕಂಡಿದ್ದೆ ಕಣಪ್ಪ. ಬ್ಯಾಡ್ದೇ ಇರೋದ್ನ ತೆಗ್ಯೋವಾಗ ನಾನೇ ಅದ್ನೂ ತೆಗ್ದುಬುಟ್ನೇನೋ."

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಇಲ್ಲ ಜಯಕ್ಕ, ಅದು ನಾನು ಎನ್ನಲು ಎಷ್ಟು ಹೊತ್ತು ಬೇಕು? ನಾನು ಕಂಪ್ಯೂಟರಿನ ಕಡೆ ತಿರುಗಿಕೊಂಡೆ.

ಮಾರನೆಯ ಬೆಳಿಗ್ಗೆ ಅವರು ಆ ಹಳ್ಳಿಗೆ ಹೊರಟರು. ಲ್ಯಾಪ್‌ಟಾಪ್ ಹಿಡಿದುಕೊಂಡು ನಾನೂ ಹೋದೆ. ಜಯಕ್ಕ ಚಿಕ್ಕತಾಯಮ್ಮನನ್ನು ಹಾಲಿನ ಕ್ಯಾನಿನ ಸಮೇತ ಮನೆಯಿಂದ ಕರೆದುಕೊಂಡು ಬಂದು, ಹಾಲಿನ ಸಾಲು ಪೂರ್ತಿ ನಿಂತಿರುವಾಗ ಮಿಷನ್ನಿನ ಪಕ್ಕ ನಿಂತು ಗಟ್ಟಿಯಾಗಿ ಹೇಳಿದರು.

"ಎಲ್ರೂ ಕೇಳ್ರವ್ವ. ಈಯಮ್ಮನ ಆಲ್ನಲ್ಲಿ ಏನೂ ತಪ್ಪಿರ್ನಿಲ್ಲ. ತಪ್ಪು ನಂದು. ಕಾಗ್ದದಲ್ಲಿ ಇರ್ಬೇಕಾದ್ ಮಾತ್ನ ನಾನು ಅಳಿಸ್ಬುಟ್ಟಿದ್ದೆ."

ಆಮೇಲೆ ಆಕೆಯ ಕ್ಯಾನು ತಾವೇ ತೆಗೆದುಕೊಂಡು ಹಾಲು ಅಳೆದರು. ಚಿಕ್ಕತಾಯಮ್ಮ ಮುಖ ಸಡಿಲಿಸಲಿಲ್ಲ. ಆದರೆ ಸಂಜೆಯ ಹಾಲಿಗೂ ಬರುತ್ತೇನೆ ಎಂದಳು. ಹಿಂದಿರುಗುವ ಬಸ್ಸಿನಲ್ಲಿ ಜಯಕ್ಕ ಚೀಲದಿಂದ ಅಕ್ಕಿರೊಟ್ಟಿ ತೆಗೆದು, "ತಿನ್ನು, ಬೆಳಗ್ಗಿಂದ ಮಕ ಬಾಡೋಗದೆ" ಎಂದು ನನ್ನ ಕೈಗಿಟ್ಟರು. ನಾಚಿಕೆಯಿಲ್ಲದೆ ತಿಂದೆ.

ಆ ತಿಂಗಳ ಕೊನೆಗೆ ಜಯಕ್ಕ ಕೆಲಸ ಬಿಟ್ಟರು. ಯಾರೂ ಬಿಡಿಸಲಿಲ್ಲ. "ಬರ್ದಿದ್ನೋ ಇಲ್ವೋ ಅಂತ ನಂಗೇ ಗೊತ್ತಾಗ್ದಿದ್ ಮ್ಯಾಲೆ ಈ ಕೆಲ್ಸ ಮಾಡಬಾರ್ದು" ಎಂದರಷ್ಟೇ. ಹೊರಡುವ ಮುಂಚೆ ಕೀಬೋರ್ಡನ್ನು ಸೆರಗಿನಿಂದ ಒಂದು ಸಲ ಒರೆಸಿದರು.

ಕಳೆದ ತಿಂಗಳು ಹಲಗೂರು ಕಡೆಯ ಅವರ ಮನೆಗೆ ಹೋಗಿದ್ದೆ. ಹೇಳಲೇಬೇಕೆಂದು ಹೊರಟವನು ದಾರಿಯುದ್ದಕ್ಕೂ ಹೇಳದಿರಲು ನೆಪ ಹುಡುಕುತ್ತಿದ್ದೆ. ಜಯಕ್ಕ ಕಾಫಿಗೆ ಒಲೆ ಹಚ್ಚಿ, ಅಡುಗೆಮನೆ ಬಾಗಿಲಿಗೆ ಒರಗಿ ಮಾತಿಗೆ ನಿಂತರು. ಈಗೀಗ ತಮ್ಮ ಮೇಲೆ ತಮಗೇ ನಂಬಿಕೆ ಇಲ್ಲ ಎಂದು ನಗುತ್ತಲೇ ಹೇಳಿದರು.

"ಗ್ಯಾಸು ಆರ್ಸಿದ್ನಾ ಅಂತ ಮೂರ್ ಮೂರ್ ಸಲ ಎದ್ದೋಗಿ ನೋಡ್ತೀನಿ ಕಣಪ್ಪ. ಬೀಗ ಆಕಿ ಬಸ್‌ಸ್ಟಾಪ್ ತಂಕ ಓಗಿ ವಾಪಸ್ ಬತ್ತೀನಿ. ಅವತ್ತು ಆ ಸಾಲ್ನ ಅಳಿಸ್ದೆ ನೋಡು, ಅಲ್ಲಿಂದ ಇಂಗೇ."

ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಶುಕ್ರವಾರದ ಬಿಲ್ಡು, ಖಾಲಿಯಾದ ಪುಟಗಳು, ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂತದ್ದು.

ಜಯಕ್ಕ ಒಳಗೆ ಹೋಗಿ ಒಲೆ ಆರಿಸಿದರು. ಬಂದು ಎದುರಿಗೆ ಕೂತರು.

"ಅಂಗಾದ್ರೆ ನಾನು ಬರ್ದಿದ್ದೆ."

"ಬರೆದಿದ್ರಿ ಜಯಕ್ಕ."

"ಅಳಿಸ್ಲಿಲ್ಲ."

"ಅಳಿಸಲಿಲ್ಲ."

ಆಮೇಲೆ ನಾನು ಹೊರಡುವವರೆಗೂ ಒಲೆ ನೋಡಲು ಒಮ್ಮೆಯೂ ಎದ್ದು ಹೋಗಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

"ನಂಗೇಳಿ ಏನಾಯ್ತು? ಅವತ್ತು ಆ ಜನದ ಮುಂದೆ ನಿಂತ್ಕಂಡು ತಪ್ಪು ನಂದು ಅಂತ ಏಳಿದ್ನಲ್ಲ, ಅಲ್ಲೇ ಓಗಿ ನಿಂತ್ಕಂಡು, ಆಲು ಆಕಾಕ್ ಬರೋರ್ ಎದುರ್ಗೆ ಏಳು. ಆಮೇಲ್ ಬಾ. ಕಾಫಿ ಕುಡಿಯೋವಂತೆ."

ಸೊನ್ನೆಯ ಸಾಲನ್ನು ಚಿಕ್ಕತಾಯಮ್ಮನ ಹಳ್ಳಿಯಿಂದ ಬಂದ ಮಾರನೆಯ ದಿನವೇ ಕೋಡಿನೊಳಗೆ ಬರೆದಿದ್ದೆ. ಈಗ ಪ್ರತಿ ಬಿಲ್ಡಿನಲ್ಲೂ ಅದು ತಪ್ಪದೆ ಪುಟಕ್ಕೆ ಬರುತ್ತದೆ. ಟೂಲು ಎಷ್ಟು ಚೆನ್ನಾಗಿ ಬರೆಯುತ್ತದಲ್ಲ ಎಂದು ಪ್ರಕಾಶಣ್ಣ ಹೊಗಳಿದರು. ಅವರಿಗೂ ನಾನಿನ್ನೂ ಹೇಳಿಲ್ಲ. ಎರಡು ಶನಿವಾರ ಬೆಳಿಗ್ಗೆ ಮಂಡ್ಯದ ಬಸ್‌ ನಿಲ್ದಾಣಕ್ಕೆ ಹೋದೆ. ಕೆರಗೋಡಿನ ಬಸ್ಸು ಬಂತು, ಜನ ಹತ್ತಿದರು, ಹೊರಟಿತು. ನಾನು ಟೀ ಕುಡಿದು ಮನೆಗೆ ಬಂದೆ.

ಬಂದು ಇದನ್ನು ಬರೆಯಲು ಕೂತೆ. ಮಾಡಿ ನೋಡದೆ ಒಂದಕ್ಷರವನ್ನೂ ಬರೆಯದಿದ್ದ ಜಯಕ್ಕನ ಬಗ್ಗೆ, ಮಾಡಬೇಕಾದ್ದನ್ನು ಮಾಡದೆಯೇ ಇಷ್ಟುದ್ದ ಬರೆದಿದ್ದೇನೆ.